ಸಂಜೀವಯ್ಯನ ತಾರೀಖು

ವಿಮಲಾ ಪ್ರಿಂಟ್‌ಔಟನ್ನು ನನ್ನ ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಚಕ್ರಪಾಣಿಯವರೇ, ನಾನು ಇಲ್ಲಿ ಖಾಲಿ ಬಿಟ್ಟಿದ್ದೆ. ಯಾರು ತುಂಬಿದ್ರು?"

ಸಂಜೀವಯ್ಯ. ಟೋಕನ್ ನಂಬರ್ 412. ತೀರಿಕೊಂಡ ದಿನ: 04-11-83.

ಸಂಜೀವಯ್ಯ ವಿಮಲಾ ಅವರ ಗಂಡ. ಆರು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ಬೆಳಗಿನ ಪಾಳಿಗೆಂದು ಹೊರಟವನು ಕಾರ್ಖಾನೆ ಸೇರಲಿಲ್ಲ. ಸೈಕಲ್ಲು ಬೇಗೂರು ಕೆರೆ ಏರಿಯ ಮೇಲೆ ಸಿಕ್ಕಿತು, ಕ್ಯಾರಿಯರಿನಲ್ಲಿ ಊಟದ ಡಬ್ಬಿ ಹಾಗೇ ಇತ್ತು. ಕೆರೆಯಲ್ಲಿ ನಾಲ್ಕು ದಿನ ಹುಡುಕಿದರು. ಆತ ಸಿಗಲಿಲ್ಲ.

ಜಯನಗರ ಮೂರನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಸೆಂಟರ್. ಅದೇ ಕಾರ್ಖಾನೆಯ ಹಳೇ ಕಾರ್ಮಿಕರ ದಾಖಲೆಗಳು ನಮ್ಮಲ್ಲಿಗೆ ಬಂದಿದ್ದವು. ವಿಮಲಾ ಅವನ್ನು ಹೊಸ ಡೇಟಾಬೇಸಿಗೆ ಟೈಪ್ ಮಾಡುತ್ತಿದ್ದರು. ಅದರಿಂದ ಓದಿ ಪಟ್ಟಿ ಮಾಡುವ ಕೋಬಾಲ್ ಭಾಷೆಯ ಪ್ರೋಗ್ರಾಮ್ ನನ್ನದು. ಎಂಟು ತಿಂಗಳಿಂದ ಅವರನ್ನು ಪ್ರೀತಿಸುತ್ತಲೂ ಇದ್ದೆ. ಆ ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿರಲಿಲ್ಲ.

"ಕೀ ಒತ್ತಿ ಅಂದ್ರೆ ಮೊಳೆ ಹೊಡೀತೀರಲ್ಲ," ಎಂದು ವಿಮಲಾ ಕನ್ನಡಕದ ಮೇಲಿಂದ ನೋಡಿ ನಗುತ್ತಿದ್ದರು. ಆ ನೋಟಕ್ಕಾಗಿಯೇ ನಾನು ಇನ್ನೂ ಜೋರಾಗಿ ಒತ್ತುತ್ತಿದ್ದೆ. ಈಗ ಅದೇ ಕಣ್ಣು ನನ್ನ ಬಾಯಿಂದ ಬರುವ ಒಂದು ಮಾತಿಗೆ ಕಾಯುತ್ತಿತ್ತು.

"ಫ್ಯಾಕ್ಟರಿಯವರಿಗೆ ಏನಾದ್ರೂ ಗೊತ್ತಾಯ್ತಾ? ಅವರು ಕಳಿಸಿದ್ದಾ?"

ನಾನು ಮೇಲಿನ ಸಾಲು ನೋಡಿದೆ. ಯಲ್ಲಯ್ಯ, 04-11-83. ಅದೇ ತಾರೀಖು.

"ಇಲ್ಲ ಮೇಡಂ. ತಪ್ಪು ನನ್ನದು."

ಡೇಟಾಬೇಸಿನಲ್ಲಿ ತಾರೀಖಿಗೆಂದೇ ಬೇರೆ ತರಹದ ಖಾನೆ ಇತ್ತು. ಅದು ತಾರೀಖನ್ನೂ ಇಟ್ಟುಕೊಳ್ಳುತ್ತಿತ್ತು, ಗೊತ್ತಿಲ್ಲ ಎಂಬುದನ್ನೂ ಇಟ್ಟುಕೊಳ್ಳುತ್ತಿತ್ತು. ನನ್ನ ಪ್ರೋಗ್ರಾಮಿನಲ್ಲಿ ಇದ್ದದ್ದು ಬರೀ ಆರು ಅಂಕಿಯ ಜಾಗ. ಗೊತ್ತಿಲ್ಲ ಎಂದು ಬಂದರೆ ಅಲ್ಲಿಗೆ ಏನೂ ಬೀಳುತ್ತಿರಲಿಲ್ಲ, ಹಿಂದಿನ ಸಾಲಿನ ತಾರೀಖೇ ಉಳಿದುಬಿಡುತ್ತಿತ್ತು. ಯಲ್ಲಯ್ಯನ ಸಾವು ಸಂಜೀವಯ್ಯನಿಗೆ ಬಂದದ್ದು ಹಾಗೆ.

ವಿಮಲಾ ಎಲ್ಲ ಕೇಳಿಸಿಕೊಂಡು, "ಸರಿಮಾಡಿ," ಎಂದಷ್ಟೇ ಹೇಳಿ ಹಾಳೆ ಮಡಚಿಕೊಂಡು ಹೋದರು.

ಸರಿಮಾಡುವುದು ಕಷ್ಟವೇನಲ್ಲ. ಪ್ರತಿ ತಾರೀಖಿನ ಜೊತೆಗೂ ಇನ್ನೊಂದು ಪುಟ್ಟ ಅಂಕಿಯನ್ನು ಓದಬೇಕು. ಅದು ಮೈನಸ್ ಒಂದು ಆಗಿದ್ದರೆ ತಾರೀಖು ಗೊತ್ತಿಲ್ಲ ಎಂದರ್ಥ, ಆಗ ಜಾಗ ಖಾಲಿ ಬಿಡಬೇಕು. ನಾಲ್ಕೇ ಸಾಲು. ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಆ ನಾಲ್ಕು ಸಾಲು ಬರೆದರೆ ಸಂಜೀವಯ್ಯ ಮತ್ತೆ ಸಾಯದವನಾಗುತ್ತಿದ್ದ, ವಿಮಲಾ ಮತ್ತೆ ಅವನಿಗಾಗಿ ಕಾಯುವ ಹೆಂಡತಿಯಾಗುತ್ತಿದ್ದರು. ಬರೆಯದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆದರೂ ಬರೆದೆ.

ಸಂಜೆ ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿಗೆ ಜೊತೆಯಲ್ಲೇ ನಡೆದೆವು. ಮೋಡ ಕವಿದಿತ್ತು. ಪದ್ಮನಾಭನಗರದ ಬಸ್ಸು ಇನ್ನೂ ಬಂದಿರಲಿಲ್ಲ.

"ನಮ್ಮತ್ತೆ ಈಶ್ವರಮ್ಮ ಇವತ್ತಿಗೂ ಮೂರು ತಟ್ಟೆ ಹಾಕ್ತಾರೆ," ಎಂದರು ವಿಮಲಾ. "ಮೂರನೇ ತಟ್ಟೇಲಿ ಉಳಿದಿದ್ದನ್ನ ಬೆಳಿಗ್ಗೆ ನಾನೇ ತಿಂತೀನಿ."

ಅವರು ಬ್ಯಾಗನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡರು.

"ಒಂದು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ತಾರೀಖು ನೋಡ್ದಾಗ ನಂಗೆ ಅಳು ಬರಲಿಲ್ಲ. ಮನಸ್ಸು ಹಗುರ ಆಯ್ತು. ತಕ್ಷಣ ತಿರುಗಿ ನಿಮ್ಮ ಕಡೆ ನೋಡ್ದೆ. ನೀವು ತಲೆ ಬಗ್ಗಿಸ್ಕೊಂಡು ಏನೋ ಬರೀತಿದ್ರಿ."

ಎಂಟು ತಿಂಗಳಿಂದ ಕಾದಿದ್ದ ನೋಟವೊಂದು ನನ್ನತ್ತ ಬಂದಾಗ ನಾನು ಕಾಗದ ನೋಡುತ್ತ ಕೂತಿದ್ದೆ.

"ನಿಮ್ಮನ್ನ ಮದುವೆ ಆಗ್ಬೇಕು ಅಂತ ನನಗೆ ಆಸೆ," ಎಂದೆ. "ಹೇಳೋಕೆ ಇದು ಹೊತ್ತಲ್ಲ."

"ಗೊತ್ತು. ನಂಗೂ ನೀವು ಅಂದ್ರೆ ಇಷ್ಟ." ಅವರು ರಸ್ತೆ ನೋಡುತ್ತಲೇ ಹೇಳಿದರು. "ತಪ್ಪು ಅಂತ ಹೇಳ್ದೆ ತಾರೀಖನ್ನ ಹಾಗೇ ಬಿಟ್ಟಿದ್ರೆ ನಾನು ನಂಬ್ತಿದ್ದೆ."

"ಅದಕ್ಕೇ ಬಿಡಲಿಲ್ಲ."

ಅವರು ವ್ಯಾನಿಟಿ ಬ್ಯಾಗಿನಿಂದ ಮಡಚಿದ ಹಾಳೆ ತೆಗೆದು ನನ್ನತ್ತ ಚಾಚಿದರು.

"ಹರಿದು ಹಾಕ್ಬೇಕು ಅಂತ ಮಧ್ಯಾಹ್ನದಿಂದ ಇಟ್ಕೊಂಡಿದ್ದೀನಿ. ನನ್ನ ಕೈಲಿ ಆಗ್ತಿಲ್ಲ. ನೀವೇ ಹರೀರಿ."

ನನ್ನ ಪಾಲಿಗೆ ಜಗತ್ತಿನಲ್ಲಿದ್ದ ಒಂದೇ ಒಳ್ಳೆಯ ಸುದ್ದಿ ಆ ಹಾಳೆಯಲ್ಲಿತ್ತು. ನಾನು ಹರಿದೆ. ಸಂಜೀವಯ್ಯನ ಹೆಸರಿನ ಮೇಲೆ ಹರಿಯದ ಹಾಗೆ ನೋಡಿಕೊಂಡು, ತಾರೀಖನ್ನು ಮಾತ್ರ ಚೂರು ಚೂರು ಮಾಡಿದೆ. ಹೆಸರಿದ್ದ ತುಂಡನ್ನು ಅವರು ಕೈ ಚಾಚಿ ತೆಗೆದುಕೊಂಡರು.

ಬಸ್ಸು ಬಂತು.

"ಅತ್ತೆ ಕಾಯ್ತಿರ್ತಾರೆ," ಎಂದು ಹತ್ತಿದರು.