ಹಲಸಿನ ಮರದಡಿಯ ಕಲ್ಲು

"ಮೆಲ್ಲ ಇಳೀರಿ ಮೇಡಂ... ಅಲ್ಲಿ ಜಲ್ಲಿ ಉಂಟು!"

ಬೆಳ್ಳಾರೆಯ ಸಭಾಭವನದ ಮೆಟ್ಟಿಲ ಮೇಲೆ ಮೋಕ್ಷಿತಾ ಹಾಗೇ ನಿಂತುಬಿಟ್ಟಳು. ಲತೀಶನ ಬೈಕಿನಿಂದ ಇಳಿದವಳು ನಿಮ್ಮಿ. ಕಲ್ಲಿನ ಕೋರೆಯನ್ನು ಕೊಳ್ಳಲು ಬಂದ ಕಂಪೆನಿಯವಳು. ಇಳಿಯುವಾಗ ಅವನ ಹೆಗಲು ಹಿಡಿದಳು.

ಆ ಹೆಗಲು!

"ಎಂತ ಮೋಕ್ಷಿತಾ, ಊಟ ಆಯ್ತಾ?" ಲತೀಶ್ ನಕ್ಕ.

"ನಿಮಗೆ ಎಂತಕ್ಕೆ? ನಿಮ್ಮ ಮೇಡಮ್ಮನಿಗೆ ಕೇಳಿ, ಹೋಗಿ."

ಯಾವತ್ತೂ 'ನೀನು' ಎನ್ನುವವಳು! ಅವನ ನಗು ಅಲ್ಲೇ ಆರಿತು.

ಕಡಬದ ಹತ್ತಿರದ ಆ ಕೆಂಪುಕಲ್ಲಿನ ಕೋರೆ ನಷ್ಟದಲ್ಲಿತ್ತು. ಮಾರುವುದೋ ಮುಚ್ಚುವುದೋ, ಏಳು ಷೇರುದಾರರು ಇವತ್ತೇ ಹೇಳಬೇಕು. ಮುಚ್ಚಿದರೆ ಇಪ್ಪತ್ತೆರಡು ಜನರಿಗೆ ಕೆಲಸವಿಲ್ಲ. ಕಲ್ಲು ಕಡಿಯುವ ಮಿಷನ್ ಓಡಿಸುವ ಲತೀಶನಿಗೂ ಇಲ್ಲ. ತೀರಿಹೋದ ಅಪ್ಪನ ಷೇರು ಈಗ ಮೋಕ್ಷಿತಾಳದು.

ಆದರೆ ಮೊನ್ನೆ ಅವಳು ಕಣ್ಣಾರೆ ಕಂಡದ್ದು? ಕೋರೆಯ ಹಲಸಿನ ಮರದಡಿ ತೆಂಗಿನ ಮಡಲು ಮುಚ್ಚಿಟ್ಟ ಕಲ್ಲಿನ ರಾಶಿಯನ್ನು ಅವನು ನಿಮ್ಮಿಗೆ ತೋರಿಸುತ್ತಿದ್ದ. ಅವಳು ತಟ್ಟಿ ತಟ್ಟಿ ನೋಡುತ್ತಿದ್ದಳು! ಕೋರೆಯವನು ಒಳ್ಳೆಯ ಕಲ್ಲು ಆರಿಸಿ ಬೇರೆ ಇಟ್ಟನೆಂದರೆ ಅರ್ಥ ಒಂದೇ. ಮನೆ ಕಟ್ಟುತ್ತಾನೆ. ಮದುವೆಯಾಗುತ್ತಾನೆ.

'ಬಂದು ಒಂದು ತಿಂಗಳಾಗಲಿಲ್ಲ, ಅವಳಿಗೆ ಮನೆಯಾ? ಮುಚ್ಚಿ ಹೋಗಲಿ ಕೋರೆ! ಇಬ್ಬರೂ ಅನುಭವಿಸಲಿ!'

ಸಭೆ ಶುರುವಾಯಿತು. ಮಾರಲು ಮೂರು ಕೈ ಎದ್ದವು. ಬೇಡವೆಂದು ಮೂರು.

ಅಧ್ಯಕ್ಷ ತೀರ್ಥರಾಮ ಕನ್ನಡಕ ಸರಿಮಾಡಿಕೊಂಡರು. "ಇನ್ನು ನೀನೇ ಮಗಾ. ಹೇಳು."

"ನನಗೆ... ಬೇ..."

"ಒಂದು ನಿಮಿಷ!" ನಿಮ್ಮಿ ಎದ್ದಳು. "ಎರಡು ಶರತ್ತು ಓದಿ ಆಗಲಿಲ್ಲ. ಲತೀಶಣ್ಣ ಹಟ ಹಿಡಿದು ಬರೆಸಿದ್ದು. ಒಂದು, ಇಪ್ಪತ್ತೆರಡು ಜನರನ್ನೂ ಕೆಲಸದಲ್ಲಿ ಇಟ್ಟುಕೊಳ್ಳುದು. ಇನ್ನೊಂದು, ಹಲಸಿನ ಮರದಡಿಯ ಕಲ್ಲು ಕಂಪೆನಿಗೆ ಸೇರುದಿಲ್ಲ. ಅದು ಅವರು ಸಂಬಳದಲ್ಲಿ ಹಿಡಿಸಿ ತಕ್ಕೊಂಡದ್ದು. ನಾನೇ ತಟ್ಟಿ ನೋಡಿದೆ. ಎರಡು ಮಳೆಗಾಲ ಹೊರಗೆ ನಿಂತು ಗಟ್ಟಿಯಾದ ಕಲ್ಲು."

ಲತೀಶಣ್ಣ...? ಎರಡು ಮಳೆಗಾಲ...?

ಮೋಕ್ಷಿತಾಳಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಅಪ್ಪನಿಗೆ ಬುತ್ತಿ ಕೊಡಲು ಕೋರೆಗೆ ಹೋದಾಗ ಅವಳೇ ಲತೀಶನಲ್ಲಿ ಅಂದಿದ್ದಳು, "ನಮ್ಮ ಗೋಡೆ ಪುಡಿ ಉದುರ್ತದೆ, ಹಸಿ ಕಲ್ಲಲ್ಲಿ ಕಟ್ಟಿದ್ದು. ನಾನು ಹೋಗುವ ಮನೆಯಾದರೂ ಗಟ್ಟಿ ಇರಲಿ."

'ಅಯ್ಯೋ, ನನ್ನ ಹೊಟ್ಟೆಕಿಚ್ಚಿಗೆ ಇಪ್ಪತ್ತೆರಡು ಮನೆಯ ಒಲೆ ಆರಿಸಲು ಹೊರಟಿದ್ದೆನಲ್ಲಾ!'

ಅವಳ ಕೈ ಮೇಲೆದ್ದಿತು. "ಮಾರುವ."

ಹೊರಗೆ ಬೈಕಿನ ಹತ್ತಿರ ಲತೀಶ್ ಒಬ್ಬನೇ ನಿಂತಿದ್ದ.

"ಎರಡು ವರ್ಷ ಬಾಯಿಗೆ ಎಂತ ಆಗಿತ್ತು ನಿನಗೆ?" ಅವಳ ಕಣ್ಣು ತುಂಬಿತ್ತು.

"ನಿನ್ನಪ್ಪ ಷೇರುದಾರರು, ನಾನು ಓದಿದ್ದು ಏಳನೇ ಕ್ಲಾಸ್... ಕಲ್ಲು ಗಟ್ಟಿ ಆಗಲಿ, ಮತ್ತೆ ಕೇಳುವ ಅಂತ..."

"ಈಗ ಆಯ್ತಲ್ಲ. ಕೇಳು."

ಅವನು ತಲೆ ಕೆರೆದುಕೊಂಡ. "ಅಡುಗೆಕೋಣೆ... ಯಾವ ದಿಕ್ಕಿಗೆ ಬೇಕು ನಿನಗೆ?"

"ದಿಕ್ಕು ಮತ್ತೆ ಹೇಳ್ತೇನೆ." ಅವಳು ಕಣ್ಣೊರೆಸಿಕೊಂಡಳು. "ಮೊದಲು ಆ ಹಿಂದಿನ ಸೀಟು ಒರೆಸು ಮಾರಾಯ!"