ಬರೆದವರು ಮಾತಾಡುವಂತಿಲ್ಲ

"ಈ ಪ್ರಬಂಧದಲ್ಲಿ ಯಾರೂ ಸತ್ತಿಲ್ಲ."

ಹಾಗಂದವನು ವೇಡ್. ಟೋಪಿ ಮೊಣಕಾಲಿನ ಮೇಲಿತ್ತು, ಕಣ್ಣಲ್ಲಿ ನಿದ್ದೆಯಿತ್ತು. ಬೆಳಗಿನ ಜಾವದಿಂದ ಲಾರಿಯಲ್ಲಿ ಊರ ರಸ್ತೆಗಳ ಹಿಮ ತಳ್ಳಿ, ಅದೇ ಬಟ್ಟೆಯಲ್ಲಿ ಕಾಲೇಜಿಗೆ ಬಂದಿದ್ದ.

"ಅಮ್ಮ ಸತ್ತಳು ಅಂತ ಮೊದಲನೇ ಸಾಲಲ್ಲೇ ಇದೆಯಲ್ಲಪ್ಪ," ಎಂದಳು ಬರ್ನಡೆಟ್. ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾಗಿ, ಮೊಮ್ಮಕ್ಕಳನ್ನು ಕಂಡ ಮೇಲೆ ಕಾಲೇಜು ಸೇರಿದ ಹೆಂಗಸು.

"ಇದೆ. ಆಮೇಲೆ ಅದರಿಂದ ಕಲಿತ ಮೂರು ಪಾಠ ಇದೆ. ಸಮಯದ ಬೆಲೆ, ಕುಟುಂಬದ ಬೆಲೆ, ಆರೋಗ್ಯದ ಬೆಲೆ. ಅಮ್ಮ ಎಲ್ಲಿ? ಏನು ತಿಂತಿದ್ರು, ಹೇಗೆ ಬೈತಿದ್ರು... ಒಂದೂ ಇಲ್ಲ. ಮಾರ್ಕ್ಸಿಗೋಸ್ಕರ ಸಾಯಿಸಿದ ಅಮ್ಮ ಇದು."

ಒಂದಿಬ್ಬರು ನಕ್ಕರು. ಅವರ ತಪ್ಪೇನೂ ಇಲ್ಲ. ಅಮೆರಿಕದ ಎರೀ ಸರೋವರದ ದಂಡೆಯ ಈ ಊರಿನಲ್ಲಿ ಕಾಲೇಜಿನ ಮೊದಲ ಬರವಣಿಗೆ ತರಗತಿ ಶುರುವಾದರೆ ಸಾಕು, ಪ್ರಬಂಧಗಳಲ್ಲಿ ಅಜ್ಜಿಯರು ಸಾಲುಸಾಲಾಗಿ ಸಾಯುತ್ತಾರೆ. ಮುಂದಿನ ವಾರ ಅದೇ ಅಜ್ಜಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ, ತಾನೇ ಕಾರು ಓಡಿಸಿಕೊಂಡು ಬಂದು ಮೊಮ್ಮಗನನ್ನು ಕಾಲೇಜಿಗೆ ಬಿಟ್ಟು ಹೋಗುತ್ತಾಳೆ.

ಆದರೆ ಈ ಪ್ರಬಂಧ ಬರೆದ ಟೆಸ್ಸಾಳ ಅಮ್ಮ ನಿಜವಾಗಿಯೂ ಸತ್ತಿದ್ದಳು. ಹೋದ ಬೇಸಿಗೆಯಲ್ಲಿ.

ಟೆಸ್ಸಾ ಅಲ್ಲೇ ಕೂತಿದ್ದಳು. ಉತ್ತರ ಕೊಡುವಂತಿರಲಿಲ್ಲ. ಪಾಠ ಮಾಡುವ ಹಾಲೋರನ್ ಮೇಡಂ ಮೇಜಿನ ಮೇಲೆ, ಕತ್ತು ತಿರುಗಿಸಿ ಸಮಯ ಹೊಂದಿಸುವ ಕೋಳಿಯ ಆಕಾರದ ಅಡುಗೆಮನೆ ಗಡಿಯಾರವೊಂದನ್ನು ಇಡುತ್ತಿದ್ದರು. ಕೋಳಿ ಗಂಟೆ ಹೊಡೆಯುವ ತನಕ ಬರೆದವರು ತುಟಿ ಬಿಚ್ಚಬಾರದು. ಓದಿದವರೂ 'ನೀನು' ಅನ್ನಬಾರದು, 'ನಿರೂಪಕಿ' ಅನ್ನಬೇಕು. ಮಾತು ಬರಹಕ್ಕೆ ತಾಗಲಿ, ಮನುಷ್ಯರಿಗೆ ಬೇಡ ಎಂಬುದು ಮೇಡಂ ಏರ್ಪಾಡು.

ಕೋಪ ಬರಬೇಕಲ್ಲವೇ ನನಗೆ... ಯಾಕೆ ಬರುತ್ತಿಲ್ಲ?

ಟೆಸ್ಸಾ ಒಳಗೆಲ್ಲ ಹುಡುಕಿದಳು. ಕೋಪ ಇರಲಿಲ್ಲ. ದುಃಖವೂ ಇರಲಿಲ್ಲ. ಅಮ್ಮನ ಮಣ್ಣಿನ ದಿನವೂ ಹೀಗೇ ಆಗಿತ್ತು. ಬಂದವರಿಗೆಲ್ಲ ಕುರ್ಚಿ ಹಾಕಿ, ತಿಂಡಿ ಕೊಟ್ಟು, ಪಾತ್ರೆ ತೊಳೆದಿದ್ದಳು.

ಕೋಳಿ ಗಂಟೆ ಹೊಡೆಯಿತು.

"ಈಗ ನೀನು ಹೇಳು, ಟೆಸ್ಸಾ," ಎಂದರು ಮೇಡಂ.

"ಹೇಳೋದೇನಿಲ್ಲ ಮೇಡಂ."

ಮೊಗಸಾಲೆಯಲ್ಲಿ ಬರ್ನಡೆಟ್ ವೇಡ್‌ನ ತೋಳು ಹಿಡಿದು ನಿಲ್ಲಿಸಿದಳು. "ಲೋ, ಆ ಹುಡುಗಿ ನಮ್ಮ ಬೀದಿಯವಳು, ನಮ್ಮ ಪಕ್ಕದ ಮನೆ. ಅವಳ ಅಮ್ಮನ ಮಣ್ಣಿಗೆ ನಾನೇ ಹೋಗಿದ್ದೆ. ಅಲ್ಲೇ ಹೇಳೋಣ ಅಂದ್ರೆ ಆ ಹಾಳು ಕೋಳಿ ಇತ್ತಲ್ಲ."

ವೇಡ್‌ನ ಮುಖ ಬಿಳಿಚಿಕೊಂಡಿತು.

ಅಂದಿನಿಂದ ಅವನು ಹಿಂದಿನ ಸಾಲಿಗೆ ಹೋಗಿ ಕೂತ. ಲಾರಿಯಲ್ಲಿ ಒಬ್ಬನೇ ಇರುವಾಗ ಕ್ಷಮೆ ಕೇಳುವ ಮಾತನ್ನು ಚೆನ್ನಾಗಿಯೇ ಜೋಡಿಸಿಕೊಳ್ಳುತ್ತಿದ್ದ. ಅವಳ ಮುಖ ಕಂಡರೆ ನಾಲಗೆ ಹೊರಳುತ್ತಿರಲಿಲ್ಲ.

ಟೆಸ್ಸಾ ಅರ್ಥ ಮಾಡಿಕೊಂಡದ್ದೇ ಬೇರೆ. ನಾನು ಸುಳ್ಳಿ ಅಂತ ತಿಳಿದಿದ್ದಾನೆ. ತಿಳಿಯಲಿ ಬಿಡು... ಅಮ್ಮ ಸತ್ತರೂ ಒಂದು ಹನಿ ಕಣ್ಣೀರು ಹಾಕದವಳು ನಾನು. ಅವನು ಹೇಳಿದ್ದರಲ್ಲಿ ತಪ್ಪೇನಿದೆ?

ಮೇಡಂ ಪ್ರಬಂಧವನ್ನು ಮತ್ತೆ ಬರೆಯಲು ಹೇಳಿದ್ದರು. ಟೆಸ್ಸಾ ಬೆಳಿಗ್ಗೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಓಟ್ಸ್ ಗಂಜಿ ಬೇಯಿಸಿ, ಮಧ್ಯಾಹ್ನ ಕಾಲೇಜಿಗೆ ಹೋಗಿ, ಸಂಜೆ ಖಾಲಿ ಹಾಳೆಯ ಮುಂದೆ ಕೂರುತ್ತಿದ್ದಳು. ಒಂದು ದಿನ ಬಿಸಿ ಪಾತ್ರೆ ತಾಗಿ ಅಂಗೈ ಸುಟ್ಟಿತು. ಸುಟ್ಟದ್ದು ಅವಳಿಗೆ ಗೊತ್ತಾದದ್ದು ಬೊಬ್ಬೆ ಎದ್ದ ಮೇಲೆ.

ಈ ತರಗತಿ ಪಾಸಾಗದೆ ನರ್ಸಿಂಗ್ ಸೀಟಿಲ್ಲ. ನರ್ಸ್ ಆಗುವುದು ಅವಳ ಬಹಳ ದಿನದ ಆಸೆ. ಆದರೆ ಅಮ್ಮನ ಬಗ್ಗೆ ಒಂದು ಸಾಲು ಬರೆಯಲಾಗದವಳು ಯಾರ ಹಾಸಿಗೆಯ ಪಕ್ಕ ಹೋಗಿ ನಿಲ್ಲುವುದು? ತರಗತಿ ಬಿಡಲು ಶುಕ್ರವಾರ ಕೊನೆಯ ದಿನ. ಬಿಟ್ಟುಬಿಡುತ್ತೇನೆ ಎಂದುಕೊಂಡಳು. ಹಾಗೆಂದುಕೊಂಡಾಗಲೂ ಏನೂ ಅನ್ನಿಸಲಿಲ್ಲ.

"ನಿನ್ನ ಮನೆ ಮುಂದೆ ಮಾತ್ರ ಹಿಮದ ಗೋಡೆ ಬೀಳಲ್ವಲ್ಲೇ, ಟೆಸ್ಸಾ," ಎಂದಳು ಬರ್ನಡೆಟ್, ಒಂದು ಬೆಳಿಗ್ಗೆ ತನ್ನ ಮನೆ ಮುಂದೆ ಸಲಿಕೆ ಊರಿ ನಿಂತು ಏದುಸಿರು ಬಿಡುತ್ತಾ. "ಯಾವ ದೇವರಿಗೆ ಹರಕೆ ಹೊತ್ತಿದ್ದೀಯ?"

ಹಿಮದ ಲಾರಿ ರಸ್ತೆಯನ್ನು ಬಳಿದುಕೊಂಡು ಹೋದಾಗ ಪ್ರತಿ ಮನೆಯ ಕಾರಿನ ದಾರಿಗೂ ಅಡ್ಡಲಾಗಿ ಮೊಣಕಾಲೆತ್ತರದ ಗೋಡೆ ಬೀಳುತ್ತದೆ. ಅದನ್ನು ಒಡೆಯುತ್ತಾ ಲಾರಿಯವನ ಏಳು ತಲೆಮಾರಿಗೂ ಶಾಪ ಹಾಕುವುದು ಇಲ್ಲಿನವರ ಬೆಳಗಿನ ವ್ಯಾಯಾಮ. ಟೆಸ್ಸಾ ತನ್ನ ಮನೆ ಮುಂದೆ ನೋಡಿದಳು. ಗೋಡೆ ಇರಲಿಲ್ಲ. ಇಷ್ಟು ದಿನ ಅವಳು ಅದನ್ನು ಗಮನಿಸಿಯೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವುದು ತಡವಾಯಿತು. ಕಿಟಕಿಯಾಚೆ ಹಳದಿ ದೀಪ ತಿರುಗಿಸುತ್ತಾ ಲಾರಿ ಬಂತು. ಅವಳ ಮನೆಯ ಮುಂದೆ ನಿಂತಿತು. ಹಿಂದಕ್ಕೆ ಹೋಯಿತು. ಮುಂದಿನ ಕಬ್ಬಿಣದ ಹಲಗೆಯನ್ನು ಓರೆ ಮಾಡಿ, ಹಿಮವನ್ನೆಲ್ಲ ಎದುರಿನ ಖಾಲಿ ಜಾಗಕ್ಕೆ ತಳ್ಳಿ, ಮತ್ತೆ ಬಂದು ದಾರಿಯಂಚನ್ನು ಮೆಲ್ಲಗೆ ಬಳಿಯಿತು. ಚಾಲಕ ಬಗ್ಗಿ ನೋಡಿದ, ಎಲ್ಲ ಸರಿಯಾಯಿತೇ ಎಂದು.

ಆ ಟೋಪಿ... ವೇಡ್!

ಟೆಸ್ಸಾ ಪರದೆ ಹಿಡಿದು ನಿಂತಳು. ಮರಗಟ್ಟಿದ ಕಾಲಿನಲ್ಲಿ ಮತ್ತೆ ರಕ್ತ ಹರಿಯುವಾಗ ನೋಯುತ್ತದಲ್ಲ, ಹಾಗೆ ಎದೆಯಲ್ಲಿ ಏನೋ ನೋಯತೊಡಗಿತು. ಬಹಳ ದಿನಗಳ ಮೇಲೆ ಅವಳಿಗೆ ಏನೋ ಒಂದು ನೋಯುತ್ತಿತ್ತು.

ಅಂದು ಮಧ್ಯಾಹ್ನ ತರಗತಿಗೆ ಹೋದದ್ದು, ಬಿಡುತ್ತೇನೆಂದು ಮೇಡಂಗೆ ಹೇಳಿ ಬರಲು. ಆದರೆ ಅಂದು ವೇಡ್‌ನ ಸರದಿ. ಪ್ರಬಂಧದ ಹೆಸರು, 'ರಸ್ತೆಯ ಹಿಮ ತೆಗೆಯುವುದು ಹೇಗೆ'. ಟೆಸ್ಸಾ ಓದಿ ಮುಗಿಸುವಷ್ಟರಲ್ಲಿ ಮೇಡಂ ಕೋಳಿಯ ಕತ್ತು ತಿರುಗಿಸಿದ್ದರು.

"ಚೆನ್ನಾಗಿದೆ," ಎಂದಳು ಬರ್ನಡೆಟ್. "ನಮ್ಮ ಮನೆ ಮುಂದೆ ಯಾಕೆ ಕೋಟೆ ಕಟ್ತಾನೆ ಅನ್ನೋದೊಂದು ಬಿಟ್ಟಿದ್ದಾನೆ."

ಎಲ್ಲರೂ ನಕ್ಕರು. ನಗು ನಿಂತಾಗ ಟೆಸ್ಸಾಳ ಕೈ ಮೇಲಿತ್ತು. ಆ ತರಗತಿಯಲ್ಲಿ ಅವಳು ಕೈ ಎತ್ತಿದ್ದು ಅದೇ ಮೊದಲು.

"ಈ ನಿರೂಪಕ ಸುಳ್ಳು ಹೇಳ್ತಿದ್ದಾನೆ."

ವೇಡ್ ತಲೆ ಎತ್ತಿದ.

"'ಯಾರ ಮನೆ ಮುಂದೆಯೂ ಲಾರಿ ನಿಲ್ಲಿಸುವಂತಿಲ್ಲ' ಅಂತ ಬರೆದಿದ್ದಾನೆ. ಒಂದು ಮನೆ ಮುಂದೆ ನಿಲ್ಲಿಸ್ತಾನೆ. ಅಲ್ಲಿ ಗೋಡೆ ಬೀಳದ ಹಾಗೆ ನೋಡ್ಕೋತಾನೆ. ನಾನು ನೋಡಿದ್ದೀನಿ."

ವೇಡ್ ಬಾಯಿ ತೆರೆದ. ಮೇಡಂ ಬೆರಳಿನಿಂದ ಕೋಳಿಯನ್ನು ತೋರಿಸಿದರು. ಅವನ ಕಿವಿ ಕೆಂಪಾಯಿತು.

"ಯಾಕೆ ಅಂತ ಓದುವವರಿಗೆ ಗೊತ್ತಾಗಬೇಕು," ಎಂದಳು ಟೆಸ್ಸಾ. "ಕರುಣೆಯಾದ್ರೆ ಬೇಡ. ಆ ಮನೆಯವಳಿಗೆ ಊರಿನವರೆಲ್ಲ ಬೇಕಾದಷ್ಟು ಕರುಣೆ ತೋರ್ಸಿದ್ದಾರೆ. ಬೇರೆ ಏನಾದ್ರೂ ಆದ್ರೆ... ಅದನ್ನ ಬರೀಬೇಕು. ಯಾಕಂದ್ರೆ ಅವಳು ಕಿಟಕಿ ಹತ್ರ ನಿಂತಿದ್ಲು. ಅವಳ ಅಮ್ಮ ಇದ್ದಿದ್ರೆ ಸುಮ್ನೆ ನಿಲ್ತಿರಲಿಲ್ಲ. ಮಲಗೋ ಅಂಗಿಯಲ್ಲೇ ಓಡಿ ಹೋಗಿ ಲಾರಿ ಬಾಗಿಲು ಬಡಿದು ಕಾಫಿ ಕೊಡ್ತಿದ್ಲು. ಕೆಟ್ಟ ಕಾಫಿ. ನಿನ್ನೆದನ್ನೇ ಬಿಸಿ ಮಾಡಿ ಹೊಸದು ಅಂತಿದ್ಲು. ಹಾಗೆ ಸುಳ್ಳು ಹೇಳ್ವಾಗ ಅವಳಿಗೇ ನಗು ತಡೆಯೋಕಾಗ್ತಿರಲಿಲ್ಲ..."

ಮಾತು ಅಲ್ಲಿಗೇ ನಿಂತಿತು. ಟೆಸ್ಸಾ ಅಳುತ್ತಿದ್ದಳು. ಮಣ್ಣಿನ ದಿನ ಬರದ ಅಳು, ಇಡೀ ಚಳಿಗಾಲ ಬರದ ಅಳು, ಬೇಸಿನ್ ತುಂಬಿ ಚೆಲ್ಲುವ ಹಾಗೆ ಬಂತು. ಬರ್ನಡೆಟ್ ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

ಕೋಳಿ ಗಂಟೆ ಹೊಡೆಯಿತು.

"ಬರೆದವರು ಈಗ ಮಾತಾಡಬಹುದು," ಎಂದರು ಮೇಡಂ, ಮೆಲ್ಲಗೆ.

ವೇಡ್ ಎದ್ದು ನಿಂತ. ಟೋಪಿಯನ್ನು ಹಿಂಡುತ್ತಿದ್ದ.

"ತಪ್ಪಾಯ್ತು, ಟೆಸ್ಸಾ. ಅವತ್ತೇ ಹೇಳಬೇಕಿತ್ತು. ಬಾಯಲ್ಲಿ ಬರಲಿಲ್ಲ, ಲಾರಿಯಲ್ಲಿ ಹೇಳ್ದೆ. ಮೊದಮೊದಲು ಅಷ್ಟೇ ಇತ್ತು. ಆಮೇಲೆ..."

"ಆಮೇಲೆ?"

"ಆಮೇಲೆ ಹಿಮ ಯಾವಾಗ ಬೀಳುತ್ತೋ ಅಂತ ಕಾಯೋಕೆ ಶುರು ಮಾಡ್ದೆ. ಹಿಮ ತಳ್ಳೋನು ಯಾರೂ ಹಾಗೆ ಕಾಯಲ್ಲ."

"ಮೊದಲು ಇದನ್ನ ಬರಿಯೋ," ಎಂದಳು ಬರ್ನಡೆಟ್, ಮೂಗು ಒರೆಸಿಕೊಳ್ಳುತ್ತಾ.

ತರಗತಿ ಮುಗಿದ ಮೇಲೆ ಟೆಸ್ಸಾ ಮೇಡಂ ಹತ್ತಿರ ಹೋಗಿ, ಪ್ರಬಂಧ ತಿದ್ದಲು ಸೋಮವಾರದವರೆಗೆ ಸಮಯ ಕೇಳಿದಳು. ಬಿಡುವ ಮಾತನ್ನೇ ಎತ್ತಲಿಲ್ಲ. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ವೇಡ್ ಅವಳ ಕಾರಿನ ಗಾಜಿನ ಮೇಲಿನ ಹಿಮ ಒರೆಸುತ್ತಾ ನಿಂತಿದ್ದ.

"ನಾಳೆ ಹಿಮ ಬೀಳುತ್ತಾ?" ಎಂದು ಕೇಳಿದಳು.

"ಬೀಳುತ್ತೆ ಅಂದಿದ್ದಾರೆ."

"ಹಾಗಾದ್ರೆ ಲಾರಿ ಬಾಗಿಲು ಬಡಿತೀನಿ. ಕಾಫಿ ಕುಡಿದು ಹೋಗು."

"ನಿನ್ನೆದಾ?"

"ಹೊಸದು," ಎಂದಳು ಟೆಸ್ಸಾ. ನಗು ತಡೆಯಲು ಅವಳಿಗೂ ಆಗಲಿಲ್ಲ.