ಮಲ್ಲದಿನ್ನಿಯ ಬೇಡಿಕೆ ಸೊನ್ನೆ

ಬೆಳಗಿನ ಬಿಸಿಲು ಏರುತ್ತಿದ್ದಂತೆ ಎಡದಂಡೆ ಕಾಲುವೆಯ ಮೊದಲನೇ ಗೇಟು ಯಾರ ಕೈಯೂ ತಾಗದೆ ತಾನಾಗಿ ಮೇಲೆದ್ದಿತು. ಮೇಲ್ಭಾಗದ ಕೆಂಚನಹಾಳದ ಗದ್ದೆಗಳ ಕಡೆಗೆ ನೀರು ನುಗ್ಗಿತು. ದಂಡೆಯ ಮೇಲಿನ ಶಾಮಿಯಾನದಲ್ಲಿ ಕೂತಿದ್ದ ಕೀನ್ಯಾ, ನೇಪಾಳ, ಬೊಲಿವಿಯಾದ ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರ ನಾಡುಗಳಲ್ಲೂ ಒಂದೇ ಹೊಳೆಗೆ ನೂರಾರು ಊರುಗಳು ಕೈಯೊಡ್ಡುತ್ತವೆ. ಈ ಯಂತ್ರ ಕೊಳ್ಳುವ ಒಪ್ಪಂದಕ್ಕೆ ಅಂದೇ ಸಹಿ ಬೀಳುವುದಿತ್ತು.

ಯಂತ್ರದ ಹೆಸರು ‘ಸಮಪಾಲು’. ಅದನ್ನು ಕಟ್ಟಿದವಳು ರಾಯಚೂರಿನವಳೇ ಆದ ಡಾ. ಶಾಂಭವಿ ಪಟ್ಟೇದ. ಕಾಲುವೆಯುದ್ದಕ್ಕೂ ಹೂತಿಟ್ಟ, ಅವರೆಕಾಳಿನಷ್ಟು ದಪ್ಪದ ಸಂವೇದಕಗಳು ನೀರಿನ ಹರಿವನ್ನು ಕ್ಷಣಕ್ಷಣಕ್ಕೂ ತಿಳಿಸುತ್ತವೆ. ನಲವತ್ತು ವರ್ಷಗಳ ಬಳಕೆಯನ್ನು ಓದಿಕೊಂಡ ಗಣಕ ಮಿದುಳು, ಯಾವ ಊರಿಗೆ ನಾಳೆ ಎಷ್ಟು ನೀರು ಬೇಕೆಂದು ಊಹಿಸಿ ಗೇಟುಗಳನ್ನು ಎತ್ತುತ್ತದೆ, ಇಳಿಸುತ್ತದೆ. ನಡುವೆ ಮನುಷ್ಯನಿಲ್ಲ, ಹಾಗಾಗಿ ಲಂಚವೂ ಇಲ್ಲ, ಶಿಫಾರಸೂ ಇಲ್ಲ. ಶಾಂಭವಿಗೆ ಅದೇ ದೊಡ್ಡ ಹೆಮ್ಮೆ.

ಈ ಯಂತ್ರ ಬರುವ ಮುಂಚೆ ಕಾಲುವೆಯ ಕಟ್ಟಕಡೆಯ ಊರಾದ ಮಲ್ಲದಿನ್ನಿಯವರು ನೀರು ಬಿಟ್ಟ ಸುದ್ದಿ ಕೇಳಿದರೆ ಸಾಕು, ರೊಟ್ಟಿ ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿ ಮೇಲ್ಭಾಗಕ್ಕೆ ಬಂದು ಬೀಡು ಬಿಡುತ್ತಿದ್ದರು. ಗೇಟು ಕಾಯುವುದೆಂದರೆ ಅವರಿಗೆ ಬಿತ್ತನೆಯಷ್ಟೇ ಮಾಮೂಲಿ ಕೆಲಸ. “ಇನ್ನ ನೀವು ಗೇಟು ಕಾಯೋದು ಬ್ಯಾಡ. ನೀರು ತಾನ ನಿಮ್ಮೂರಿಗೆ ಬರ್ತೈತಿ” ಎಂದು ಶಾಂಭವಿ ಅಲ್ಲಿನ ನೀರು ಬಳಕೆದಾರರ ಸಂಘದ ಅಧ್ಯಕ್ಷೆ ಹುಲಿಗೆಮ್ಮನಿಗೆ ಮಾತು ಕೊಟ್ಟಿದ್ದಳು, ಅವಳ ಮನೆಯ ರೊಟ್ಟಿ, ಶೇಂಗಾಚಟ್ನಿ ತಿನ್ನುತ್ತಲೇ. ಈಗ ಗೇಟಿನ ಹತ್ತಿರ ಸುಳಿಯುವುದೇ ಅಪರಾಧ. ಕ್ಯಾಮೆರಾ ಮುಖ ಗುರುತಿಸಿ ಪೊಲೀಸರನ್ನು ಕರೆಯುತ್ತದೆ.

ಅದೇ ಹುಲಿಗೆಮ್ಮ ಈಗ ಶಾಮಿಯಾನದ ಹಗ್ಗದಾಚೆ ನಿಂತು ಕಾವಲುಗಾರರ ಜೊತೆ ಜಗಳಾಡುತ್ತಿದ್ದಳು. ಶಾಂಭವಿ ಓಡಿಹೋಗಿ ಒಳಗೆ ಕರೆತಂದಳು.

“ಮೇಡಂರ, ನಮ್ಮೂರ ಕುಡಿಯೋ ನೀರಿನ ಕೆರಿ ಒಣಗಿ ಬಿರುಕು ಬಿಟ್ಟೈತ್ರಿ. ಕಾಲುವಿ ಬಂದ್ ಆಗೋದ್ರೊಳಗ ತುಂಬಲಿಲ್ಲಂದ್ರ ಬ್ಯಾಸಿಗ್ಯಾಗ ಏನ್ ಕುಡೀಬೇಕು?”

“ಯಾರಿಗೂ ಹೇಳಲಿಲ್ಲೇನು, ಯವ್ವಾ?”

“ಯಾರಿಗಂತ ಹೇಳ್ಬೇಕು? ಮೊದ್ಲ ಗೇಟ ಎತ್ತೋ ಗ್ಯಾಂಗ್‌ಮನ್ ಇದ್ದ. ರೊಕ್ಕ ತಿಂತಿದ್ದ, ಖರೆ. ಆದ್ರ ಎದುರಿಗೆ ಕುಂತು ಬೈದ್ರ ತೆಲಿ ತೆಗ್ಗಿಸಿ, ಒಂದೀಟರ ಗೇಟ ಎತ್ತತಿದ್ದ. ನಿಮ್ಮ ಕಬ್ಬಿಣಕ್ಕ ಎಷ್ಟ್ ಬೈದ್ರೂ ನಾಚಿಕಿ ಬರವಲ್ದು!”

ಶಾಂಭವಿ ನೇರ ಶಾಮಿಯಾನದ ಮುಂದಿಟ್ಟಿದ್ದ ಯಂತ್ರದ ಎದುರು ಹೋಗಿ ನಿಂತಳು. “ಮಲ್ಲದಿನ್ನಿಗೆ ನೀರು ಯಾಕೆ ಬಿಟ್ಟಿಲ್ಲ?”

“ಮಲ್ಲದಿನ್ನಿಯ ಹಿಂದಿನ ಬಳಕೆ ಅತ್ಯಲ್ಪ” ಎಂದಿತು ಯಂತ್ರ, ಜೇನಿನಂಥ ದನಿಯಲ್ಲಿ. “ಆದ್ದರಿಂದ ಬೇಡಿಕೆ ಸೊನ್ನೆ.”

ಶಾಂಭವಿಗೆ ಕೆನ್ನೆಗೆ ಬಾರಿಸಿದಂತಾಯಿತು. ನೀರು ಊರು ಮುಟ್ಟಲಿಲ್ಲ, ಅದಕ್ಕೇ ಬಳಸಲಿಲ್ಲ. ಬಳಸಲಿಲ್ಲ, ಅದಕ್ಕೇ ಬೇಕಾಗಿಲ್ಲ! ಕೆಂಚನಹಾಳದ ಧಣಿಗಳು ದಂಡೆಯಡಿ ಕಳ್ಳಪೈಪು ತೂರಿಸಿ ಎಳೆದದ್ದೆಲ್ಲ ಯಂತ್ರದ ಕಣ್ಣಿಗೆ ‘ಬಳಕೆ’. ಅದೀಗ ಅವರ ಹಕ್ಕು. ಮೊದಲು ಕದ್ದವರಿಗೆ ಸಿಕ್ಕಿಬೀಳುವ ಭಯವಾದರೂ ಇತ್ತು. ಈಗ ಆ ಕದ್ದ ಪಾಲನ್ನು ವಿಜ್ಞಾನವೇ ಅವರ ಗದ್ದೆಗೆ ಮುಟ್ಟಿಸಿ ಬರುತ್ತಿತ್ತು. ಈ ಅನ್ಯಾಯಕ್ಕೆ ಸಮಪಾಲು ಎಂಬ ಹೆಸರು ಬೇರೆ! ಇಟ್ಟವಳು ತಾನೇ ಎಂಬುದು ನೆನಪಾಗಿ ಅವಳ ಮೈ ಉರಿದುಹೋಯಿತು.

ನೀರಾವರಿ ನಿಗಮದ ನಿರ್ದೇಶಕ ವೃಷಭೇಂದ್ರ ಗಾಬರಿಯಿಂದ ಬಳಿಗೆ ಬಂದ. “ಸಹಿ ಆಗಲಿ ಮೇಡಂ, ಆಮೇಲೆ ಸರಿಮಾಡೋಣ.”

“ಆಮೇಲೆ ಅಂದರೆ? ಕಾಲುವೆ ಬಂದ್ ಆದಮೇಲೆಯೇ?”

“ಯಂತ್ರ ಸುಳ್ಳು ಹೇಳಿಲ್ಲವಲ್ಲ? ಅವರು ನೀರು ಬಳಸಿಲ್ಲ, ಅಷ್ಟೇ.”

“ಬಳಸೋಕೆ ಬಿಟ್ಟಿದ್ದು ಯಾವಾಗ ಸರ್?” ಎನ್ನುತ್ತ ಶಾಂಭವಿ ಯಂತ್ರದತ್ತ ತಿರುಗಿದಳು. ಅದು ಅವಳ ದನಿಗೆ ವಿಧೇಯ. “ಹಳೆಯ ಬಳಕೆಯನ್ನೆಲ್ಲ ಮರೆತುಬಿಡು. ಊರಿನ ಜನ ಎಷ್ಟು, ಜಮೀನು ಎಷ್ಟು, ಅಷ್ಟನ್ನೇ ಲೆಕ್ಕಕ್ಕೆ ಹಿಡಿ.”

ಗೇಟು ನರಳುತ್ತ ಅರ್ಧಕ್ಕಿಳಿಯಿತು. ನೀರು ಕೆಳಭಾಗದತ್ತ ಮುಖ ಮಾಡಿತು. ಶಾಮಿಯಾನದಲ್ಲಿದ್ದ ಕೆಂಚನಹಾಳದ ಧಣಿಗಳು ಕುರ್ಚಿ ಒದ್ದು ಎದ್ದರು. ಶಾಂಭವಿ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದಳು: “ಕೊಳ್ಳುವ ಮುಂಚೆ ಇದಕ್ಕೆ ಪಾಠ ಹೇಳಿದವರು ಯಾರೆಂದು ಕೇಳಿ.”

ಯಾರೂ ಕೇಳಲಿಲ್ಲ. ನಿಗಮ ಅವಳನ್ನು ಕೆಲಸದಿಂದ ತೆಗೆಯಿತು. ಸಾರ್ವಜನಿಕ ಆಸ್ತಿಯ ಸ್ಮರಣೆಯನ್ನು ಕೆಡಿಸಿದಳೆಂದು ಮೊಕದ್ದಮೆ ಹೂಡಿತು. ನಾಲ್ಕು ದಿನದ ಮೇಲೆ, ಪ್ರತಿ ತೆಗೆದಿಟ್ಟಿದ್ದ ಹಳೆಯ ನೆನಪನ್ನು ಯಂತ್ರಕ್ಕೆ ಮತ್ತೆ ತುಂಬಿ, ಒಪ್ಪಂದಕ್ಕೆ ಸಂಭ್ರಮದಿಂದ ಸಹಿ ಹಾಕಿಸಿಕೊಂಡಿತು. ಅಷ್ಟರೊಳಗೆ ಮಲ್ಲದಿನ್ನಿಯ ಕೆರೆ ಅರ್ಧ ತುಂಬಿತ್ತು. ಇನ್ನರ್ಧಕ್ಕಾಗಿ ಆ ಊರಿನವರು ರೊಟ್ಟಿ ಕಟ್ಟಿಕೊಂಡು ಬಂದು, ಕ್ಯಾಮೆರಾಕ್ಕೆ ಮುಖ ಕೊಟ್ಟೇ ಗೇಟಿನ ಬುಡದಲ್ಲಿ ಕೂತರು. ಪೊಲೀಸರ ವ್ಯಾನು ದಂಡೆಯ ಮೇಲೆ ಬಂದು ನಿಂತಿತು. ಶಾಂಭವಿಯೂ ಅವರ ನಡುವೆ ಕೂತಿದ್ದಳು.

“ಬೈಯಾಕ ಮನಷ್ಯಾರೊಳಗ ನೀನರ ಒಬ್ಬಾಕಿ ಸಿಕ್ಕಿ ಬಿಡು” ಎಂದು ಹುಲಿಗೆಮ್ಮ ಅವಳ ಕೈಗೆ ರೊಟ್ಟಿ ಕೊಟ್ಟಳು. “ಈ ಮಶೀನಿಗೆ ಇಂಥಾ ಬುದ್ಧಿ ಕಲಿಸಿದವ್ರು ಯಾರವಾ?”

“ನಲವತ್ತು ವರ್ಷದ ಹಿಂದಿನ ಮಂದಿ. ಎರಡು ಸಾವಿರದ ಇಪ್ಪತ್ತರ ಆಚೀಚಿನವ್ರು. ಅವ್ರು ಹೆಂಗ ನಡಕೊಂಡ್ರೋ ಅದನ್ನ ಇದು ಕಲ್ತೈತಿ.”

“ಅವ್ರಿಗೆ ಪೈಪು ಕಾಣತಿದ್ದಿಲ್ಲೇನು?”

“ಕಾಣತಿತ್ತು. ಇದೇ ದಂಡಿ ಮ್ಯಾಲ ದಿನಾ ಓಡಾಡ್ತಿದ್ರು. ಪೇಪರಿನ್ಯಾಗೂ ಓದ್ತಿದ್ರು.”

“ಮತ್ಯಾಕ ಸುಮ್ನ ಕುಂತ್ರು?”

ಪೊಲೀಸರು ವ್ಯಾನಿನಿಂದ ಇಳಿಯತೊಡಗಿದ್ದರು. ಶಾಂಭವಿ ರೊಟ್ಟಿ ಮುರಿಯುತ್ತ ಹೇಳಿದಳು: “ಅವರ ಮನಿ ನಳದಾಗ ನೀರು ಬರ್ತಿತ್ತು, ಯವ್ವಾ.”